ಎಳೆದ್ರೆ ಸರಿಹೋಗುತ್ತೆ ಬಿಡು!

ಆ ಕ್ಯಾಚು ಹಿಡಿದೆನೋ ಬಿಟ್ಟೆನೋ ಎಂಬುದು ನಮ್ಮ ತಂಡದಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ. ಬಡಾವಣೆಯ ಮೈದಾನದಲ್ಲಿ ಭಾನುವಾರ ಬೆಳಗಿನ ಪಂದ್ಯ. ಟೆನಿಸ್ ಚೆಂಡೇ, ಆದರೆ ಗಟ್ಟಿ ಜಾತಿಯದು. ಅದು ಬಂದು ಬಲಗೈ ಉಂಗುರಬೆರಳಿನ ತುದಿಗೆ ನೆಟ್ಟಗೆ ಬಡಿಯಿತು. ನೋವು ಗೊತ್ತಾಗುವ ಮೊದಲೇ ಬೆರಳಿನ ಆಕಾರ ಕಣ್ಣಿಗೆ ಬಿತ್ತು. ನಡುಗೆಣ್ಣಿನಿಂದ ಮುಂದಿನ ಭಾಗ ಮೆಟ್ಟಿಲು ಹತ್ತಿದಂತೆ ಹಿಂಬದಿಗೆ ಏರಿ ಕೂತಿತ್ತು. ಪಾಯಿಂಟಿನಲ್ಲಿದ್ದ ಗೆಳೆಯ ಓಡಿಬಂದು, ‘ಏನಿಲ್ಲ ಮಾರಾಯ, ಕೀಲು ತಪ್ಪಿದೆ ಅಷ್ಟೆ. ಎಳೆದ್ರೆ ಸರಿಹೋಗುತ್ತೆ ಬಿಡು’ ಅಂದವನೇ, ನಾನು ಬೇಡ ಅನ್ನುವಷ್ಟರಲ್ಲಿ ಎಳೆದೇಬಿಟ್ಟ. ಟಕ್ ಅಂತ ಕೂತಿತು. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಎರಡು ಓವರ್ ಕೂತು ಸುಧಾರಿಸಿಕೊಂಡು ನಾನು ಮತ್ತೆ ಫೀಲ್ಡಿಂಗಿಗೆ ಇಳಿದೆ.

ಈ ಪರಾಕ್ರಮಕ್ಕೆ ಕ್ರೀಡಾ ವೈದ್ಯರು ‘ಕೋಚ್ಸ್ ಫಿಂಗರ್’ ಅಂತ ಹೆಸರನ್ನೇ ಇಟ್ಟಿದ್ದಾರೆ ಎಂದು ಆಮೇಲೆ ತಿಳಿಯಿತು. ಗೆರೆಯಾಚೆ ನಿಂತ ಕೋಚು ಎಳೆದು ಕೂರಿಸಿ ಆಟಕ್ಕೆ ವಾಪಸ್ ಅಟ್ಟುವ ಬೆರಳು ಎಂದರ್ಥ. ನಮ್ಮಲ್ಲಿ ಕೋಚುಗಳ ಕೊರತೆ ಇರಬಹುದು, ಎಳೆಯುವವರ ಕೊರತೆ ಇಲ್ಲ. ದೃಷ್ಟಿ ತೆಗೆದು ಲಟಿಕೆ ಮುರಿಯುವ ಅಜ್ಜಿಯರನ್ನು ಕಂಡು ಬೆಳೆದ ನಮಗೆ, ಬೆರಳಿನಿಂದ ‘ಟಕ್’ ಸದ್ದು ಬಂತೆಂದರೆ ಎಲ್ಲವೂ ಸರಿಹೋಯಿತು ಎಂಬ ನಂಬಿಕೆ ರಕ್ತದಲ್ಲೇ ಇದೆ.

ಸಂಜೆಗೆ ಬೆರಳು ಬಜ್ಜಿ ಮೆಣಸಿನಕಾಯಿಯಷ್ಟು ದಪ್ಪವಾಯಿತು. ಮದುವೆಯ ಉಂಗುರ ಅದೇ ಬೆರಳಲ್ಲಿ. ಸೋಪು, ಕೊಬ್ಬರಿ ಎಣ್ಣೆ, ಹೆಂಡತಿಯ ಬೈಗುಳ ಯಾವುದಕ್ಕೂ ಅದು ಜಗ್ಗಲಿಲ್ಲ. ಮರುದಿನ ಅಕ್ಕಸಾಲಿಗರು ಪುಟ್ಟ ಗರಗಸದಿಂದ ಕತ್ತರಿಸಿ ತೆಗೆದರು. ಆಗಲೂ ನಾನು ಅಂದುಕೊಂಡದ್ದು ಉಳುಕು ಅಂತಲೇ. ಪೆಟ್ಟು ಯಾವ ಬೆರಳಿಗೇ ಬೀಳಲಿ, ಆ ಕೈಯ ಉಂಗುರವನ್ನು ಊತ ಏರುವ ಮೊದಲೇ ತೆಗೆಯಬೇಕು. ಬಿಗಿದ ಉಂಗುರ ರಕ್ತದ ಓಡಾಟವನ್ನೇ ತಡೆಯಬಲ್ಲದು.

ಬೆರಳು ಎಷ್ಟು ವಿಚಿತ್ರವಾದ ಯಂತ್ರ ಎಂದು ನನಗೆ ಗೊತ್ತಾದದ್ದು ಅದು ಕೆಟ್ಟ ಮೇಲೆ. ಒಂದು ಕೈಯಲ್ಲಿ 27 ಮೂಳೆ, ಅದರಲ್ಲಿ 14 ಬೆರಳುಗಳವು. ಹೆಬ್ಬೆರಳಿಗೆ ಎರಡು, ಉಳಿದವಕ್ಕೆ ಮೂರು ಮೂರು. ಜಪ ಎಣಿಸುವವರಿಗೆ ಈ ಗೆಣ್ಣುಗಳ ಲೆಕ್ಕ ಬಾಯಿಪಾಠ. ಆದರೆ ಬೆರಳೊಳಗೆ ಅದನ್ನು ಮಡಿಸುವ ಮಾಂಸಖಂಡವೇ ಇಲ್ಲ. ಎಳೆಯುವ ಸ್ನಾಯುಗಳ ಬಹುಪಾಲು ಮುಂಗೈಯಲ್ಲಿ ಕೂತಿವೆ. ಅಲ್ಲಿಂದ ಹೊರಟ ಹುರಿಗಳು ಸೂತ್ರದ ಗೊಂಬೆಯ ದಾರಗಳಂತೆ ಬಂದು ಮೂಳೆಗೆ ಅಂಟುತ್ತವೆ. ಬೆರಳೆಂದರೆ ಮೂಳೆ, ಅದನ್ನು ಸವರಿಕೊಂಡೇ ಓಡುವ ಹುರಿ, ಮೇಲೊಂದು ಚರ್ಮ. ನಡುವೆ ಜಾಗವೇ ಇಲ್ಲ. ಹಾಗಾಗಿ ಪೆಟ್ಟಿನ ಊತ ಒಂದೆರಡು ವಾರ ಅಲ್ಲೇ ನಿಂತರೆ ಗೋಂದು ಹಚ್ಚಿದಂತೆ ಎಲ್ಲವೂ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ.

ಅದರಲ್ಲೂ ನಡುಗೆಣ್ಣು ಬಹಳ ಸೂಕ್ಷ್ಮ. ಬುಡದ ಗೆಣ್ಣು ಅತ್ತಿತ್ತ ಸ್ವಲ್ಪ ವಾಲುತ್ತದೆ, ನಡುಗೆಣ್ಣು ಬಾಗಿಲ ತಿರುಗಣಿಯಂತೆ ಒಂದೇ ದಿಕ್ಕಿನಲ್ಲಿ ಮಡಚುತ್ತದೆ. ಮಡಚುವುದು ಮಾತ್ರ ನೂರು ಡಿಗ್ರಿಗಿಂತ ಹೆಚ್ಚು. ಲೋಟ ಹಿಡಿಯುವುದು, ತುತ್ತು ಕಲೆಸುವುದು, ಬಟ್ಟೆ ಹಿಂಡುವುದು ಎಲ್ಲವೂ ಈ ಮಡಿಕೆಯ ಮೇಲೇ ನಿಂತಿವೆ. ಇದನ್ನೊಂದು ಪೆಟ್ಟಿಗೆ ಎಂದುಕೊಳ್ಳಿ. ಎರಡು ಪಕ್ಕಗಳಿಗೆ ಗಟ್ಟಿ ಕಟ್ಟುಗಳ ಗೋಡೆ, ಅಂಗೈ ಕಡೆ ದಪ್ಪ ತಟ್ಟೆಯಂಥ ನೆಲ, ಮೇಲೆ ಬೆರಳನ್ನು ನೆಟ್ಟಗೆ ಮಾಡುವ ಹುರಿಯ ಸೂರು. ಕೀಲು ಪೂರ್ತಿ ತಪ್ಪಬೇಕಾದರೆ ಇವುಗಳಲ್ಲಿ ಕನಿಷ್ಠ ಎರಡಾದರೂ ಹರಿಯಲೇಬೇಕು. ಗೆಳೆಯ ಎಳೆದು ಕೂರಿಸಿದ್ದು ಮೂಳೆಯನ್ನು. ಹರಿದದ್ದು ಒಳಗೆ ಹರಿದೇ ಇತ್ತು.

ಯಾವುದು ಹರಿದಿದೆ ಎನ್ನುವುದು ಕೀಲು ಯಾವ ಕಡೆಗೆ ತಪ್ಪಿತು ಎಂಬುದರ ಮೇಲೆ ನಿಂತಿದೆ. ಸಾಮಾನ್ಯವಾಗಿ ತಪ್ಪುವುದು ಹಿಂಬದಿಗೆ, ನನ್ನದರಂತೆ. ಆಗ ಕಿತ್ತಿರುವುದು ಅಂಗೈ ಕಡೆಯ ತಟ್ಟೆ. ಇಂಥ ಬೆರಳನ್ನು ಮಡಚಬಹುದು, ಮಡಚಬೇಕು. ಪೂರ್ತಿ ನೆಟ್ಟಗೆ ಮಾಡಿ ಹಿಂದಕ್ಕೆ ಬಗ್ಗಿಸುವುದು ಮಾತ್ರ ಕೂಡದು. ಕೂರಿಸಿದ ಮೇಲೆ ಕೀಲು ಅಲುಗದೆ ನಿಂತರೆ ಪಕ್ಕದ ಬೆರಳಿಗೆ ಜೋಡಿಸಿ ಟೇಪು ಸುತ್ತಿ ಮೊದಲ ದಿನಗಳಿಂದಲೇ ಆಡಿಸುತ್ತಾರೆ. ಇದೇ ‘ಬಡ್ಡಿ ಟೇಪಿಂಗ್’. ಪಕ್ಕದ ಬೆರಳೇ ಪಟ್ಟಿ, ಅದೇ ವ್ಯಾಯಾಮದ ಮೇಷ್ಟ್ರು. ನೆಟ್ಟಗಾಗುವಾಗ ಜಾರುವಂತಿದ್ದರೆ ಬೆರಳಿನ ಬೆನ್ನಿಗೆ ಸ್ವಲ್ಪ ಬಾಗಿದ ಪಟ್ಟಿ ಕೊಟ್ಟು ಕೆಲವು ವಾರ ಕಾಯುತ್ತಾರೆ. ಅದು ಮಡಚಲು ಬಿಡುತ್ತದೆ, ನೆಟ್ಟಗಾಗಲು ಬಿಡುವುದಿಲ್ಲ.

ಅಪರೂಪಕ್ಕೆ ಕೀಲು ಅಂಗೈ ಕಡೆಗೆ ತಪ್ಪುತ್ತದೆ. ಆಗ ಹರಿಯುವುದು ಬೆರಳ ಬೆನ್ನ ಮೇಲಿನ ಹುರಿ, ಚಿಕಿತ್ಸೆಯೂ ತಲೆಕೆಳಗು. ನಡುಗೆಣ್ಣನ್ನು ನೆಟ್ಟಗೆ ಹಿಡಿದು ಸುಮಾರು ಆರು ವಾರ ಬಾಗಲು ಬಿಡಬಾರದು, ತುದಿಗೆಣ್ಣನ್ನು ಮಾತ್ರ ಮಡಚುತ್ತಿರಬೇಕು. ಇದನ್ನು ಮೊದಲಿನದೆಂದು ಬಗೆದು ಟೇಪು ಸುತ್ತಿ ಆಡಿಸಿದರೆ ಎರಡು ಮೂರು ವಾರದಲ್ಲಿ ಬೆರಳು ವಕ್ರವಾಗತೊಡಗುತ್ತದೆ. ಹುರಿಯ ಸೀಳಿನಿಂದ ಮೂಳೆಯ ತಲೆ ಕಾಜದಿಂದ ಗುಂಡಿ ಈಚೆ ಬಂದಂತೆ ಬರುತ್ತದೆ. ನಡುಗೆಣ್ಣು ಕುಗ್ಗಿ, ತುದಿ ಮೇಲಕ್ಕೆ ಸೆಟೆಯುತ್ತದೆ. ಫ್ರೆಂಚರು ಈ ವಿಕಾರಕ್ಕೆ ‘ಬೂಟೊನಿಯೇರ್’ ಎಂದು ಕಾಜದ ಹೆಸರನ್ನೇ ಇಟ್ಟಿದ್ದಾರೆ. ಒಮ್ಮೆ ಗಟ್ಟಿಯಾದರೆ ಬಿಡಿಸುವುದು ಪಡಿಪಾಟಲು.

ಈಗ ತಮಾಷೆ ನೋಡಿ. ಮೈದಾನದಲ್ಲೇ ಎಳೆದು ಕೂರಿಸಿದರೆ ಬೆರಳು ಯಾವ ಕಡೆಗೆ ತಪ್ಪಿತ್ತು ಎಂಬ ಸಾಕ್ಷ್ಯವೇ ಮಾಯ. ನಾನು ಕೊನೆಗೆ ಹೋದ ಕೈ ಶಸ್ತ್ರವೈದ್ಯರು ಕೇಳಿದ ಮೊದಲ ಪ್ರಶ್ನೆ ಅದೇ. ಹನ್ನೊಂದು ಆಟಗಾರರನ್ನು ಕೇಳಿದ್ದರೆ ಹನ್ನೊಂದು ಉತ್ತರ ಸಿಗುತ್ತಿತ್ತು. ಎಲ್ಲರ ಜೇಬಿನಲ್ಲೂ ಮೊಬೈಲ್ ಇತ್ತು, ಸೆಲ್ಫಿಗೆ ಬರಗಾಲವಿರಲಿಲ್ಲ. ಬೆರಳಿನದೊಂದು ಫೋಟೊ ಯಾರೂ ತೆಗೆದಿರಲಿಲ್ಲ.

ಎಳೆಯಲೇಬಾರದ ಒಂದು ಜಾತಿಯೂ ಇದೆ. ಬುಡದ ಗೆಣ್ಣು, ಅದರಲ್ಲೂ ತೋರುಬೆರಳಿನದು, ತಪ್ಪಿದಾಗ ಅಂಗೈ ಮೂಳೆಯ ತಲೆ ಹುರಿ ಮತ್ತು ಕಟ್ಟುಗಳ ನಡುವೆ ತೂರಿ ಸಿಕ್ಕಿಬೀಳುತ್ತದೆ. 1957ರಲ್ಲಿ ಇಮಾನ್ಯುಯೆಲ್ ಕಪ್ಲಾನ್ ಎಂಬ ಶಸ್ತ್ರವೈದ್ಯರು ಇದನ್ನು ಬಿಡಿಸಿ ಬರೆದರು. ಎಳೆದಷ್ಟೂ ಕುಣಿಕೆ ಬಿಗಿಯುತ್ತದೆ, ತೆರೆದು ಬಿಡಿಸುವುದೇ ದಾರಿ. ಬೆರಳು ಅಷ್ಟೇನೂ ವಿಕಾರವಾಗಿ ಕಾಣುವುದಿಲ್ಲ. ಅಂಗೈ ಚರ್ಮದಲ್ಲಿ ಒಂದು ಗುಳಿ ಬಿದ್ದಿದ್ದರೆ ಅದೇ ಸುಳಿವು. ಕೀಲು ತಪ್ಪಿದ ಜಾಗದಲ್ಲಿ ಚರ್ಮವೂ ಸೀಳಿದ್ದರೆ ಅಲ್ಲೂ ಮೈದಾನದ ವೈದ್ಯಕ್ಕೆ ಕೆಲಸವಿಲ್ಲ. ಒಳಗೆ ಹೊಕ್ಕ ಮಣ್ಣನ್ನು ತೊಳೆಯಬೇಕಾದದ್ದು ಆಪರೇಷನ್ ಥಿಯೇಟರಿನಲ್ಲಿ.

ನನ್ನ ಕತೆಗೆ ಬರುತ್ತೇನೆ. ನಾಲ್ಕನೇ ದಿನ ಒಂದು ಕ್ಲಿನಿಕ್ಕಿಗೆ ಹೋದೆ. ಕೈಯನ್ನು ಮೇಜಿನ ಮೇಲೆ ಅಂಗಾತ ಇರಿಸಿ ಎಕ್ಸ್‌ರೇ ತೆಗೆದು ‘ಫ್ರ್ಯಾಕ್ಚರ್ ಇಲ್ಲ’ ಅಂದರು. ನೋವಿನ ಮಾತ್ರೆ, ಮುಲಾಮು, ಸ್ಪಂಜಿನ ಚೆಂಡು. ಮನೆಗೆ ಬಂದು ಖುಷಿಯಿಂದ ಚೆಂಡು ಹಿಸುಕಿದೆ. ಹನ್ನೆರಡನೇ ದಿನವೂ ಬೆರಳು ಅರ್ಧಕ್ಕಿಂತ ಮಡಚದಾಗ ಇನ್ನೊಬ್ಬರ ಬಳಿ ಹೋದೆ. ಅವರು ಹಳೆಯ ಎಕ್ಸ್‌ರೇಯನ್ನು ಕಣ್ಣೆತ್ತಿ ನೋಡಿ ಪಕ್ಕಕ್ಕಿಟ್ಟರು. ಆ ಒಂದು ಬೆರಳನ್ನಷ್ಟೇ, ಉಳಿದವನ್ನು ಮಡಚಿಸಿ, ನಿಖರವಾಗಿ ಪಕ್ಕದಿಂದ ತೆಗೆಸಿದರು. ಮುಂದಿನಿಂದ ನೋಡಿದಾಗ ಸಭ್ಯವಾಗಿದ್ದ ಗೆಣ್ಣು ಪಕ್ಕದಿಂದ ನೋಡಿದಾಗ ಬೇರೆಯೇ ಇತ್ತು. ನಡುವಿನ ಮೂಳೆಯ ಬುಡದಲ್ಲಿ ಅಂಗೈ ಕಡೆಯ ಒಂದು ಚೂರು ಮುರಿದು ನಿಂತಿತ್ತು. ಉಳಿದ ಮೂಳೆ ಹಿಂದಕ್ಕೆ ಜಾರಿ, ಕೀಲಿನ ಸಂದು ಸಮನಾದ ಗೆರೆಯಾಗಿರುವ ಬದಲು ಒಂದು ಕಡೆ ಬಾಯಿ ತೆರೆದುಕೊಂಡಿತ್ತು. ಗೆಳೆಯ ಕೂರಿಸಿದ್ದ ಕೀಲು ಅಷ್ಟು ದಿನವೂ ಅರ್ಧ ತಪ್ಪಿಯೇ ಇತ್ತು.

1895ರ ಡಿಸೆಂಬರಿನಲ್ಲಿ ರಾಂಟ್ಜೆನ್ ತೆಗೆದ ಹೆಸರಾಂತ ಮೊದಲ ಎಕ್ಸ್‌ರೇ ಚಿತ್ರದಲ್ಲಿರುವುದು ಅವನ ಹೆಂಡತಿಯ ಕೈ. ಬೆರಳ ಮೂಳೆಗಳು, ಅವುಗಳಲ್ಲೊಂದರ ಮೇಲೆ ದಪ್ಪ ಉಂಗುರ. ಎಕ್ಸ್‌ರೇ ಹುಟ್ಟಿದ್ದೇ ಬೆರಳುಗಳ ಮೇಲೆ. ಅಂದಿನಿಂದ ಇಷ್ಟು ವರ್ಷ ಕಳೆದರೂ ‘ಬೆರಳಿಗೇನು ಎಕ್ಸ್‌ರೇ’ ಎಂಬ ತಾತ್ಸಾರ ಹೋಗಿಲ್ಲ. ತೆಗೆದರೂ ಇಡೀ ಕೈಯದು ತೆಗೆಯುತ್ತಾರೆ. ಪಕ್ಕದಿಂದ ತೆಗೆದ ಕೈಚಿತ್ರದಲ್ಲಿ ನಾಲ್ಕು ಬೆರಳೂ ಒಂದರ ಮೇಲೊಂದು ಬಿದ್ದು ಇಂಥ ಚೂರು ಮರೆಯಾಗುತ್ತದೆ.

ಮುರಿತ ಮತ್ತು ಕೀಲು ತಪ್ಪುವುದು ಜೊತೆಗೂಡಿದಾಗ ವೈದ್ಯರು ಲೆಕ್ಕ ಹಾಕುವುದು ಆ ಚೂರು ಕೀಲಿನ ಬಟ್ಟಲಲ್ಲಿ ಎಷ್ಟು ಪಾಲು ಎಂದು. ಸುಮಾರು ಶೇ 30ಕ್ಕಿಂತ ಕಡಿಮೆಯಿದ್ದರೆ ಬಟ್ಟಲಿನ ಅಂಚು ಉಳಿದಿರುತ್ತದೆ, ಬಾಗಿದ ಪಟ್ಟಿಯೋ ಟೇಪೋ ಸಾಕಾಗುತ್ತದೆ. ಶೇ 50 ದಾಟಿದರೆ ಹಿಡಿದಿಡುವ ಅಂಚೇ ಇಲ್ಲ, ಶಸ್ತ್ರಚಿಕಿತ್ಸೆ ಬಹುತೇಕ ಖಚಿತ. ನಡುವಿನದು ತಕರಾರಿನ ಪ್ರದೇಶ. ನನ್ನದು ಅಲ್ಲೇ ಇತ್ತು. ಬರೇ ಪಟ್ಟಿ ಹಾಕಿ ನೋಡುವುದು ಒಂದು ದಾರಿ. ತೆರೆದು ಎಳ್ಳಿನಷ್ಟು ಸ್ಕ್ರೂ ಹಾಕುವುದು ಇನ್ನೊಂದು, ಚೂರು ಪುಡಿಯಾಗಿದ್ದರೆ ಅದು ಸ್ಕ್ರೂ ಹಿಡಿಯುವುದಿಲ್ಲ. ಬಟ್ಟಲು ಪೂರ್ತಿ ಹಾಳಾದವರಿಗೆ ಮಣಿಕಟ್ಟಿನ ಹಮೇಟ್ ಮೂಳೆಯ ಅಂಚನ್ನು ತೆಗೆದು ಕೂರಿಸುವ ವಿದ್ಯೆಯೂ ಇದೆ. ಆ ಅಂಚಿನ ಏರಿಳಿತ ಬೆರಳ ಬಟ್ಟಲಿಗೆ ಸರಿಯಾಗಿ ಹೊಂದುತ್ತದೆ. ದೇಹ ಬಿಡಿಭಾಗವನ್ನು ಎಲ್ಲಿ ಬಚ್ಚಿಟ್ಟಿದೆ ನೋಡಿ!

ನನಗೆ ಸಿಕ್ಕಿದ್ದು ತಂತಿ ಮತ್ತು ರಬ್ಬರ್ ಬ್ಯಾಂಡು. ತಂತಿ ಅಂದರೆ ಕೆ-ವೈರ್, 1909ರಲ್ಲಿ ಜರ್ಮನಿಯ ಮಾರ್ಟಿನ್ ಕಿರ್ಶ್ನರ್ ಬಳಕೆಗೆ ತಂದ ತೆಳು ಉಕ್ಕಿನ ಕಡ್ಡಿ. ಅದನ್ನು ಬೆರಳಿನ ಅಡ್ಡಕ್ಕೆ ಗೆಣ್ಣಿನ ಹಿಂದೊಂದು, ಮುಂದೊಂದು ತೂರಿಸಿ, ಹೊರಗೆ ಉಳಿದ ತುದಿಗಳನ್ನು ಕೊಕ್ಕೆಯಂತೆ ಬಗ್ಗಿಸಿ ಎರಡೂ ಪಕ್ಕ ರಬ್ಬರ್ ಬ್ಯಾಂಡು ತಗುಲಿಸುತ್ತಾರೆ. ಹಿಂದಕ್ಕೆ ಜಾರದಂತೆ ತಡೆಯಲು ಮೂರನೇ ಕಡ್ಡಿ. ಹಲ್ಲಿನ ವೈದ್ಯರು ಮಕ್ಕಳ ಹಲ್ಲು ಸರಿಪಡಿಸಲು ಬಳಸುವ ಅದೇ ಪುಟ್ಟ ರಬ್ಬರು. ಜಪಾನಿನ ಸುಝುಕಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಉಪಾಯ ಇದು. ರಬ್ಬರು ಬೆರಳನ್ನು ಸದಾ ಮುಂದಕ್ಕೆ ಎಳೆದು ಚೂರುಗಳನ್ನು ಸಾಲಿಗೆ ತರುತ್ತದೆ, ಗೆಣ್ಣು ಮಾತ್ರ ಮೊದಲ ವಾರದಿಂದಲೇ ಮಡಚುತ್ತಿರುತ್ತದೆ. ದುಬಾರಿ ಪ್ಲೇಟು ಬೇಡ, ಗಾಯ ತೆರೆಯುವುದು ಬೇಡ. ಇದೂ ಎಳೆಯುವುದೇ, ಆದರೆ ಗೆಳೆಯನ ಹಾಗೆ ಒಂದೇ ಸಲಕ್ಕಲ್ಲ, ವಾರಗಟ್ಟಲೆ ಮೆಲ್ಲಗೆ. ಆ ಕೈ ಹಿಡಿದು ಬಸ್ಸು ಹತ್ತಿದರೆ ಸೀಟು ತಾನಾಗಿ ಸಿಗುತ್ತಿತ್ತು.

ಆಪರೇಷನ್ ಆದದ್ದು ಎಚ್ಚರವಾಗಿರುವಾಗಲೇ, ಬರೇ ಬೆರಳಿನ ಬುಡಕ್ಕೆ ಇಂಜೆಕ್ಷನ್ ಕೊಟ್ಟು. ರಕ್ತ ಸೋರದಂತೆ ಅದಕ್ಕೆ ಅಡ್ರಿನಲಿನ್ ಬೆರೆಸಿದ್ದರು. ಬೆರಳಿಗೆ ಅಡ್ರಿನಲಿನ್ ಕೊಟ್ಟರೆ ಬೆರಳೇ ಕೊಳೆಯುತ್ತದೆ ಎಂದು ವೈದ್ಯ ವಿದ್ಯಾರ್ಥಿಗಳಿಗೆ ದಶಕಗಳ ಕಾಲ ಹೇಳಿಕೊಟ್ಟಿದ್ದರಂತೆ. ಕೆನಡಾದ ಡೊನಾಲ್ಡ್ ಲಾಲೋಂಡ್ ಮತ್ತಿತರರು ಆ ಹೆದರಿಕೆಯನ್ನು ಪರೀಕ್ಷಿಸಿ ಬದಿಗಿಟ್ಟ ಮೇಲೆ ರೋಗಿಯನ್ನು ಮಲಗಿಸದೆ, ತೋಳಿಗೆ ಬಿಗಿಪಟ್ಟಿ ಕಟ್ಟದೆ ಕೈ ಶಸ್ತ್ರಚಿಕಿತ್ಸೆ ಮಾಡುವ ರೂಢಿ ಜಗತ್ತಿನಾದ್ಯಂತ ಹಬ್ಬಿದೆ. ಖರ್ಚು ಕಡಿಮೆ ಎಂಬುದು ಒಂದು. ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಕಡ್ಡಿ ತೂರಿಸಿದ ಮೇಲೆ ವೈದ್ಯರು ‘ಈಗ ಮಡಚಿ ನೋಡೋಣ’ ಅಂದರು. ಮಡಚಿದೆ. ಪಕ್ಕದ ಪರದೆಯ ಮೇಲೆ ನನ್ನದೇ ಮೂಳೆ ತನ್ನ ಬಟ್ಟಲಲ್ಲಿ ಹೊರಳುವುದನ್ನು ನಾನೇ ನೋಡಿದೆ.

ಕಾಯುವ ಪಡಸಾಲೆಯಲ್ಲಿ ವಾರಕ್ಕೊಮ್ಮೆ ಕೂತು ನಾನು ಬೆರಳುಗಳ ಅರ್ಧ ವಿಶ್ವಕೋಶ ಓದಿದೆ. ಹಾಸಿಗೆಯಡಿ ಹೊದಿಕೆ ಸಿಕ್ಕಿಸುವಾಗ ತುದಿಗೆಣ್ಣು ಜೋತುಬಿದ್ದ ಗೃಹಿಣಿಯೊಬ್ಬರಿದ್ದರು. ಮ್ಯಾಲೆಟ್ ಫಿಂಗರ್. ಚೆಂಡು ಬಡಿದ ವಿಕೆಟ್‌ಕೀಪರಿಗೂ ಅವರಿಗೂ ಒಂದೇ ಕಾಯಿಲೆ. ತುದಿಯನ್ನು ನೆಟ್ಟಗೆ ಹಿಡಿಯುವ ಪುಟ್ಟ ಪಟ್ಟಿ, ಆರರಿಂದ ಎಂಟು ವಾರ, ಹಗಲೂ ರಾತ್ರಿ. ತೊಳೆಯಲು ಬಿಚ್ಚಿದಾಗ ತುದಿ ಒಮ್ಮೆ ಬಾಗಿದರೂ ಲೆಕ್ಕ ಮತ್ತೆ ಒಂದರಿಂದ ಶುರು. ಪಾತ್ರೆ ತಿಕ್ಕುವಾಗ ಬಾಗಿಬಿಟ್ಟಿತ್ತು ಎಂದು ಅವರು ಅಳುವಂತಾಗಿದ್ದರು. ಕಬಡ್ಡಿಯ ಹುಡುಗನೊಬ್ಬ ರೇಡರ್‌ನ ಅಂಗಿ ಹಿಡಿದು ನೇತಾಡಿ ಬಂದಿದ್ದ. ಅವನ ಉಂಗುರಬೆರಳಿನ ತುದಿ ಮಡಚುತ್ತಲೇ ಇರಲಿಲ್ಲ. ಮುಷ್ಟಿ ಕಟ್ಟು ಅಂದರೆ ಮೂರು ಬೆರಳು ಮುದುಡಿ ಅದೊಂದು ಎದ್ದು ನಿಲ್ಲುತ್ತಿತ್ತು. ಮಡಚುವ ಹುರಿ ಮೂಳೆಯಿಂದ ಕಿತ್ತು ಅಂಗೈ ಕಡೆ ಸರಿದಿತ್ತು. ಇದಕ್ಕೆ ಪಟ್ಟಿ ಸಾಲದು, ಒಂದು ವಾರ ಹತ್ತು ದಿನದೊಳಗೆ ಹೊಲಿಯಬೇಕು. ಎಕ್ಸ್‌ರೇ ಕೆಲವೊಮ್ಮೆ ಪೂರ್ತಿ ಸರಿಯಾಗಿಯೇ ಕಾಣುವುದರಿಂದ ಉಳುಕೆಂದು ಮನೆಗೆ ಹೋಗುವವರು ಬಹಳ.

ಬಾಗಿಲಿಗೆ ಬೆರಳು ಕೊಟ್ಟ ಮಗುವನ್ನೂ ಕಂಡೆ. ಉಗುರಿನ ಬುಡ ಎದ್ದು, ತುದಿ ಬಾಗಿತ್ತು. ನೋಡಲು ಮ್ಯಾಲೆಟ್‌ನಂತೆಯೇ. ಆದರೆ ಮಕ್ಕಳಲ್ಲಿ ಮುರಿಯುವುದು ಮೂಳೆ ಬೆಳೆಯುವ ಪದರ. ಉಗುರಿನಡಿಯ ಗಾಯ ನೇರವಾಗಿ ಅಲ್ಲಿಗೆ ತೆರೆದಿರುತ್ತದೆ. ತೊಳೆದು, ಉಗುರು ಕೂರಿಸಿ, ಆ್ಯಂಟಿಬಯೋಟಿಕ್ ಕೊಡದಿದ್ದರೆ ಮೂಳೆಗೆ ಕೀವು ಹಿಡಿಯಬಹುದು. ಅರಿಶಿನ ಒತ್ತಿ ಬಟ್ಟೆ ಸುತ್ತಿದರೆ ಮುಗಿಯುವ ಗಾಯವಲ್ಲ.

ಬೆರಳ ಮೂಳೆ ನಡುವೆ ಮುರಿದವರದು ಬೇರೆ ಪರೀಕ್ಷೆ. ವೈದ್ಯರು ಮೆಲ್ಲಗೆ ಮುಷ್ಟಿ ಕಟ್ಟಿಸುತ್ತಾರೆ. ಸರಿಯಿದ್ದ ಬೆರಳುಗಳು ಮಡಚಿದಾಗ ಹೆಬ್ಬೆರಳ ಬುಡದ ಒಂದೇ ಜಾಗದ ಕಡೆ ಮುಖ ಮಾಡುತ್ತವೆ. ಒಂದು ಬೆರಳು ಪಕ್ಕದ್ದರ ಮೇಲೆ ಹತ್ತಿದರೆ ಮೂಳೆ ತಿರುಚಿದೆ. ಎಕ್ಸ್‌ರೇಯಲ್ಲಿ ಇದು ತಪ್ಪಿಹೋಗಬಹುದು, ಕಣ್ಣಿಗೆ ತಪ್ಪುವುದಿಲ್ಲ. ತಿರುಚು ತಾನಾಗಿ ಸರಿಹೋಗುವುದಿಲ್ಲ, ಕೂಡಿದ ಮೇಲೆ ಮತ್ತೆ ಕತ್ತರಿಸಿಯೇ ತಿರುಗಿಸಬೇಕು. ಸರಿಸಿ ಕೂರಿಸಿದ್ದು ನಿಲ್ಲದಿದ್ದರೆ ಕಡ್ಡಿ, ಸ್ಕ್ರೂ, ಪ್ಲೇಟು. ಪ್ಲೇಟು ಗಟ್ಟಿಯೇನೋ ಹೌದು, ಆದರೆ ಮೇಲೆ ಓಡುವ ಹುರಿ ಅದಕ್ಕೆ ಅಂಟಿಕೊಳ್ಳುವ ಭಯ ಇದ್ದೇ ಇದೆ.

ನಾಟಿ ಕಟ್ಟಿನ ಮಾತೂ ಬರಲೇಬೇಕು. ಕೋಲಾರ, ಬೆಂಗಳೂರು ಕಡೆ ‘ಪುತ್ತೂರು ಕಟ್ಟು’ ಎಂಬ ಫಲಕ ಕಂಡು ಕರಾವಳಿಯವರು ನಮ್ಮೂರಿನವರೇ ಅಂದುಕೊಳ್ಳುತ್ತಾರೆ. ಅದು ತಿರುಪತಿ ಸಮೀಪದ ಆಂಧ್ರದ ಪುತ್ತೂರು. ಅಲ್ಲಿಗೆ ಹೋಗಿ ಕೈಕಾಲು ಕಟ್ಟಿಸಿಕೊಂಡು ಬಂದ ಹಿರಿಯರು ಪ್ರತಿ ಮನೆತನದಲ್ಲೂ ಒಬ್ಬರಿದ್ದಾರೆ. ನಾನು ಅವರನ್ನು ಗೇಲಿ ಮಾಡುವುದಿಲ್ಲ. ಜರುಗದ ಮುರಿತವಾದರೆ ಬಿದಿರ ಚಕ್ಕೆ ಕಟ್ಟಿದರೂ ಬೆರಳ ಮೂಳೆ ಕೂಡುತ್ತದೆ. ತೊಂದರೆ ಇರುವುದು ಕೂಡುವುದರಲ್ಲಲ್ಲ. ಬಿಗಿದು ಕಟ್ಟಿದ ಗೆಣ್ಣು ತಿಂಗಳ ನಂತರ ಬಿಚ್ಚಿದಾಗ ಮಡಚದೇ ಹೋಗುವುದು ತೊಂದರೆ. ಆಮೇಲೆ ಎಣ್ಣೆ ಹಚ್ಚಿ ಬಲವಂತವಾಗಿ ನೀವುವುದರಿಂದ ಅದು ಇನ್ನಷ್ಟು ಕೆರಳುತ್ತದೆ. ಇದೇ ಅಪರಾಧವನ್ನು ಪ್ಲಾಸ್ಟರು ಹಾಕಿ ಆರು ವಾರ ಮರೆತುಬಿಡುವ ಆಸ್ಪತ್ರೆಗಳೂ ಮಾಡುತ್ತವೆ, ಬೈಗುಳ ಮಾತ್ರ ನಾಟಿಯವರಿಗೆ. ಬೆರಳ ಮುರಿತ ಮೂರು ನಾಲ್ಕು ವಾರದಲ್ಲಿ ಆಡಿಸುವಷ್ಟು ಗಟ್ಟಿಯಾಗುತ್ತದೆ. ಎಕ್ಸ್‌ರೇಯಲ್ಲಿ ಗೀಟು ಮಾತ್ರ ತಿಂಗಳುಗಟ್ಟಲೆ ಕಾಣುತ್ತಲೇ ಇರುತ್ತದೆ. ಆ ಗೀಟು ಮಾಯವಾಗುವವರೆಗೆ ಕಟ್ಟಿಟ್ಟರೆ ಮೂಳೆ ಸಿಗುತ್ತದೆ, ಬೆರಳು ಸಿಗುವುದಿಲ್ಲ.

ಬೆರಳಿನ ಪೆಟ್ಟನ್ನು ಲೆಕ್ಕಿಸದೆ ಆಟಕ್ಕೆ ಇಳಿಯುವ ನಮ್ಮ ಹುಚ್ಚಿನಲ್ಲಿ ಟಿ.ವಿ.ಯ ಪಾಲೂ ಇದೆ. 2022ರ ಡಿಸೆಂಬರಿನಲ್ಲಿ ಮೀರ್‌ಪುರದಲ್ಲಿ ಸ್ಲಿಪ್‌ನಲ್ಲಿ ಹೆಬ್ಬೆರಳಿಗೆ ಪೆಟ್ಟು ತಿಂದ ರೋಹಿತ್ ಶರ್ಮಾ ಒಂಬತ್ತನೆಯವರಾಗಿ ಬಂದು ಔಟಾಗದೆ 51 ಹೊಡೆದರು. ನಮ್ಮ ಮೈದಾನದಲ್ಲಿ ಇಂದಿಗೂ ಅದೇ ಉದಾಹರಣೆ. ಪಂದ್ಯದ ನಡುವೆಯೇ ಅವರನ್ನು ಸ್ಕ್ಯಾನ್‌ಗೆ ಕರೆದೊಯ್ದದ್ದು, ನಂತರದ ಟೆಸ್ಟ್ ಸರಣಿಯಲ್ಲಿ ಅವರು ಆಡದೇ ಇದ್ದದ್ದು ಯಾರಿಗೂ ನೆನಪಿಲ್ಲ.

ಕಡ್ಡಿಗಳು ಆರನೇ ವಾರ ಹೊರಬಂದವು. ಅಸಲಿ ಕೆಲಸ ಆಮೇಲೆ. ಕೈ ಥೆರಪಿ ಮಾಡುವ ಹುಡುಗಿ ನನ್ನ ಸ್ಪಂಜಿನ ಚೆಂಡನ್ನು ಮೊದಲು ಕಸದ ಬುಟ್ಟಿಗೆ ಹಾಕಿದಳು. ಚೆಂಡು ಅಡ್ಡ ಇದ್ದರೆ ಗೆಣ್ಣು ಪೂರ್ತಿ ಮಡಚುವುದಾದರೂ ಹೇಗೆ ಎಂಬುದು ಅವಳ ವಾದ. ಬುಡದ ಗೆಣ್ಣನ್ನು ಇನ್ನೊಂದು ಕೈಯಿಂದ ಹಿಡಿದಿಟ್ಟು ನಡುಗೆಣ್ಣನ್ನಷ್ಟೇ ಮಡಚುವುದು, ಗಂಟೆಗೆ ಹತ್ತು ಸಲ. ಬಿಸಿನೀರು, ಊತಕ್ಕೆ ಹಗುರವಾದ ಅಂಟುಪಟ್ಟಿ, ರಾತ್ರಿ ನೆಟ್ಟಗೆ ಹಿಡಿಯುವ ಪಟ್ಟಿ. ಡಿಗ್ರಿ ಅಳೆಯುವ ಪುಟ್ಟ ಕೋನಮಾಪಕ ಅವಳ ಮೇಜಿನ ಮೇಲೆ ಸದಾ ಇರುತ್ತಿತ್ತು. ಒಂದು ವಾರಕ್ಕೆ ಐದು ಡಿಗ್ರಿ ಸಿಕ್ಕರೆ ಮನೆಯಲ್ಲಿ ಪಾಯಸ. ಊತ ಪೂರ್ತಿ ಇಳಿಯಲು ವರ್ಷವೇ ಬೇಕಾಗಬಹುದು, ಗೆಣ್ಣು ಒಂದಿಷ್ಟು ದಪ್ಪವಾಗಿಯೇ ಉಳಿಯಬಹುದು ಎಂದು ಅವಳು ಮೊದಲ ದಿನವೇ ಹೇಳಿದ್ದಳು.

ಹಾಗೇ ಆಯಿತು. ಬೆರಳು ಈಗ ಎಂಬತ್ತೈದು ಡಿಗ್ರಿ ಮಡಚುತ್ತದೆ, ನೆಟ್ಟಗಾಗಲು ಹದಿನೈದು ಬಾಕಿ. ಮುದ್ದೆ ಮುರಿಯಲು ತೊಂದರೆಯಿಲ್ಲ, ಬೈಕಿನ ಬ್ರೇಕು ಹಿಡಿಯುತ್ತೇನೆ, ಭಾನುವಾರ ಅಂಪೈರಿಂಗ್ ಮಾಡುತ್ತೇನೆ. ಕತ್ತರಿಸಿದ ಉಂಗುರವನ್ನು ಎರಡು ಸೈಜು ಹಿಗ್ಗಿಸಿ ಬೆಸೆಸಿದ್ದಾಯಿತು. ಗೆಣ್ಣು ದಾಟಿಸಲು ಒದ್ದಾಡಬೇಕು, ದಾಟಿದ ಮೇಲೆ ಬುಡದಲ್ಲಿ ಗಿರಗಿರ ತಿರುಗುತ್ತದೆ. ದೇವಸ್ಥಾನದಲ್ಲಿ ಬಲಗೈ ಬೊಗಸೆ ಮಾಡಿದರೆ ಆ ಬೆರಳಿನ ಪಕ್ಕ ಒಂದು ಸಂದು ಉಳಿದು ತೀರ್ಥವೆಲ್ಲ ಮೊಣಕೈಗೆ ಇಳಿಯುತ್ತದೆ. ಅರ್ಚಕರಿಗೆ ಈಗ ಗೊತ್ತಾಗಿದೆ. ನನ್ನ ಸರದಿ ಬಂದರೆ ಕೇಳದೆಯೇ ಎರಡು ಉದ್ಧರಣೆ ಹಾಕುತ್ತಾರೆ.